ಓದುಗರ ಪ್ರಶ್ನೆ: ಗೇಮ್ ಕನ್ಸೋಲಿನ ಲೇಸರ್ ಸುಡುವುದೇಕೆ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಪ್ಲೇಸ್ಟೇಷನ್ 2ರ ಬಗ್ಗೆ. 2000ದಲ್ಲಿ ಮಾರುಕಟ್ಟೆಗೆ ಬಂದು 2013ರ ಹೊತ್ತಿಗೆ ತಯಾರಿಕೆ ನಿಂತ ಈ ಯಂತ್ರಕ್ಕೆ ಈಗ ಸಿಗುವ ಲೇಸರ್‌ಗಳು ಹೆಚ್ಚಾಗಿ ಹಳೆಯ ಯಂತ್ರದಿಂದ ಕಳಚಿದವು, ಇಲ್ಲವೇ ನಕಲು. ಒಂದು ಸುಟ್ಟರೆ ಇನ್ನೊಂದು ಒಳ್ಳೆಯದು ಸಿಗುವ ಖಾತ್ರಿಯಿಲ್ಲ. ಹಾಗಾಗಿ ಕೆಲವು ಉತ್ತರ ಉದ್ದವಾಗಿವೆ.

ಪ್ರಶ್ನೆ: ನನ್ನದು ಪ್ಲೇಸ್ಟೇಷನ್ 2 ಸ್ಲಿಮ್, 70000 ಸರಣಿ. ಡಿಸ್ಕ್ ಓದುತ್ತಿರಲಿಲ್ಲ ಎಂದು ಲೇಸರ್ ಬದಲಿಸಿದೆ. ಆನ್ ಮಾಡಿದ ಅರ್ಧ ನಿಮಿಷದಲ್ಲಿ ಸುಟ್ಟ ವಾಸನೆ ಬಂತು, ಲೆನ್ಸ್ ಮೇಲೆದ್ದು ಅಲ್ಲೇ ನಿಂತಿತು. ಇನ್ನೊಂದು ತಂದು ಹಾಕಿದರೆ ಅದೂ ಹಾಗೇ ಆಯಿತು. ಅಂಗಡಿಯವರು ಎರಡೂ ಸಲ ಕೆಟ್ಟ ಮಾಲು ಕೊಟ್ಟರೇ? (ಹುಬ್ಬಳ್ಳಿಯಿಂದ)

ಉತ್ತರ: ಮಾಲಿನ ತಪ್ಪು ಇರಲಾರದು. ಎರಡನ್ನೂ ಸುಟ್ಟಿದ್ದು ನಿಮ್ಮ ಕನ್ಸೋಲಿನ ಬೋರ್ಡು. ಮೂರನೆಯದನ್ನು ತಂದು ಹಾಕಿದರೂ ಇದೇ ಗತಿ.

ನಾವು ‘ಲೇಸರ್’ ಎಂದು ಕರೆಯುವ ಆ ಪುಟ್ಟ ಜೋಡಣೆಯಲ್ಲಿ ಕರೆಂಟಿಗೆ ಬಲಿಯಾಗುವ ವಸ್ತು ಎರಡಿವೆ. ಒಂದು, ಬೆಳಕು ಕೊಡುವ ಡಯೋಡ್. ಇನ್ನೊಂದು, ಲೆನ್ಸಿನ ಪಕ್ಕದಲ್ಲಿರುವ ಎರಡು ಬಗೆಯ ತಂತಿ ಸುರುಳಿ, ಅಂದರೆ ಕಾಯಿಲ್. ಫೋಕಸ್ ಕಾಯಿಲ್ ಲೆನ್ಸನ್ನು ಮೇಲೆ ಕೆಳಗೆ ಆಡಿಸುತ್ತದೆ, ಟ್ರ್ಯಾಕಿಂಗ್ ಕಾಯಿಲ್ ಡಿಸ್ಕಿನ ಗೆರೆ ಬಿಡದಂತೆ ಅಕ್ಕಪಕ್ಕಕ್ಕೆ ಸರಿಸುತ್ತದೆ. ಡಯೋಡ್ ಸತ್ತರೆ ವಾಸನೆ ಬರುವುದಿಲ್ಲ. ವಾಸನೆ ಬಂದು ಲೆನ್ಸ್ ಒಂದೇ ಕಡೆ ಎಳೆದು ನಿಂತಿತು ಎಂದರೆ ಕಾಯಿಲ್ ಸುಟ್ಟಿದೆ ಎಂದೇ ಅರ್ಥ.

ಕಾಯಿಲಿನ ತಂತಿ ಕೂದಲಿಗಿಂತ ದಪ್ಪವೇನಲ್ಲ. ಅದರ ರೋಧ ಸಾಮಾನ್ಯವಾಗಿ 4ರಿಂದ 10 ಓಮ್ ಒಳಗೆ. ಕೆಲಸ ಮಾಡುವಾಗ ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುವ ಸಣ್ಣ ಕರೆಂಟು ಮಾತ್ರ ಹರಿಯುವುದರಿಂದ ಅದು ತಡೆದುಕೊಳ್ಳುತ್ತದೆ. ಆದರೆ ಕರೆಂಟು ಕೊಡುವ ಡ್ರೈವರ್ ಐಸಿ ಒಳಗೇ ಶಾರ್ಟ್ ಆಗಿ, 6 ಓಮ್ ಕಾಯಿಲಿಗೆ 6 ವೋಲ್ಟ್ ನಿರಂತರವಾಗಿ ಸಿಕ್ಕಿತು ಎಂದುಕೊಳ್ಳಿ. 1 ಆಂಪಿಯರ್, 6 ವ್ಯಾಟ್. ಅಷ್ಟು ಶಾಖಕ್ಕೆ ಪ್ಲಾಸ್ಟಿಕ್ ಮೆತ್ತಗಾಗಿ ಲೆನ್ಸ್ ವಾಲಲು ಕೆಲವೇ ಸೆಕೆಂಡು ಸಾಕು.

ಹೊಸ ಲೇಸರ್ ಹಾಕುವ ಮೊದಲು ಬೋರ್ಡನ್ನು ಹೀಗೆ ಪರೀಕ್ಷಿಸಿ. ಸುಟ್ಟ ಹಳೆಯ ಪಿಕಪ್, ಅಂದರೆ ಆ ಲೇಸರ್ ಜೋಡಣೆಯನ್ನು ಕೈಗೆತ್ತಿಕೊಳ್ಳಿ. ಲೆನ್ಸ್ ಹಿಡಿದಿರುವ ತೆಳು ಲೋಹದ ತಂತಿಗಳು ಹಿಂಬದಿಯ ಪುಟ್ಟ ಬೋರ್ಡಿಗೆ ಸೇರುವ ಕಡೆ ಬೆಸುಗೆಯ ಚುಕ್ಕೆಗಳಿವೆ. ಅಲ್ಲಿಂದ ರಿಬ್ಬನ್ ಕನೆಕ್ಟರಿನ ಯಾವ ಕಾಲುಗಳಿಗೆ ಸಂಪರ್ಕವಿದೆ ಎಂದು ಮಲ್ಟಿಮೀಟರಿನ ಬೀಪ್ ಮೋಡಿನಲ್ಲಿ ಹುಡುಕಿ, ಎಣಿಸಿ ಬರೆದುಕೊಳ್ಳಿ. ಈ ಕೆಲಸವನ್ನು ಹಳೆಯದರಲ್ಲೇ ಮಾಡಿ, ಹೊಸದರ ಕಾಲುಗಳನ್ನು ಮೀಟರಿನಿಂದ ಕೆದಕುತ್ತ ಕೂರಬೇಡಿ. ಆಮೇಲೆ ಲೇಸರ್ ಇಲ್ಲದೆಯೇ, ಮುಚ್ಚಳದ ಸ್ವಿಚ್ಚುಗಳನ್ನು ಒತ್ತಿಟ್ಟು ಕನ್ಸೋಲ್ ಆನ್ ಮಾಡಿ. ಬೋರ್ಡಿನ ಬದಿಯಲ್ಲಿ ಅದೇ ಜೋಡಿ ಕಾಲುಗಳ ನಡುವೆ 20 ವೋಲ್ಟ್ ಡಿಸಿ ರೇಂಜಿನಲ್ಲಿ ಅಳೆಯಿರಿ. ಮೊದಲ ಕೆಲವು ಸೆಕೆಂಡು ಯಂತ್ರ ಫೋಕಸ್ ಹುಡುಕುವುದರಿಂದ ಮೀಟರಿನ ಅಂಕಿ ಮೇಲೆ ಕೆಳಗೆ ಆಡಬಹುದು, ತಪ್ಪಿಲ್ಲ. ಹುಡುಕಿ ಕೈಬಿಟ್ಟ ಮೇಲೆ ಸೊನ್ನೆಯ ಹತ್ತಿರ ಬಂದು ನಿಲ್ಲಬೇಕು. ಅರ್ಧ ವೋಲ್ಟಿಗಿಂತ ಹೆಚ್ಚಿನ ಅಂಕಿ ಅಲುಗಾಡದೆ ನಿಂತೇ ಇದ್ದರೆ ಡ್ರೈವರ್ ಐಸಿ ಕೆಟ್ಟಿದೆ. ಎರಡು ಕಾಲನ್ನೂ ಗ್ರೌಂಡಿಗೆ ಹೋಲಿಸಿ ಅಳೆದರೆ ಎರಡರಲ್ಲೂ ಕೆಲವು ವೋಲ್ಟ್ ಕಾಣಬಹುದು, ಅದನ್ನು ನೋಡಿ ಗಾಬರಿ ಬೇಡ. ಈ ಬಗೆಯ ಡ್ರೈವರ್ ತನ್ನ ಎರಡೂ ಹೊರದಾರಿಗಳನ್ನು (ಔಟ್‌ಪುಟ್) ಸಪ್ಲೈಯ ಅರ್ಧದಲ್ಲಿ ಹಿಡಿದಿಟ್ಟು, ವ್ಯತ್ಯಾಸದಿಂದ ಮಾತ್ರ ಕಾಯಿಲ್ ಓಡಿಸುತ್ತದೆ. ನಮಗೆ ಬೇಕಾದ್ದು ಆ ವ್ಯತ್ಯಾಸ.

ಇನ್ನೂ ಖಾತ್ರಿ ಬೇಕಿದ್ದರೆ ಆಫ್ ಮಾಡಿ, ಪ್ರತಿ ಜೋಡಿಯ ನಡುವೆ 10 ಓಮ್, ಅರ್ಧ ವ್ಯಾಟಿನ ಒಂದು ರೆಸಿಸ್ಟರ್ ತಾತ್ಕಾಲಿಕವಾಗಿ ಬೆಸೆದು ಎರಡು ನಿಮಿಷ ಓಡಿಸಿ. ಬಿಸಿಯಾದರೆ ಸುಡುವುದು ಎರಡು ರೂಪಾಯಿಯ ರೆಸಿಸ್ಟರ್, ಸಾವಿರದ ಲೇಸರ್ ಅಲ್ಲ.

ಡ್ರೈವರ್ ಕೆಡಲು ನಾವು ಕಾಣುವ ದೊಡ್ಡ ಕಾರಣ ರಿಬ್ಬನ್ ಕೇಬಲ್. ಅದು ಒಂದು ಕೂದಲೆಳೆಯಷ್ಟು ಓರೆಯಾಗಿ ಕೂತರೂ ಪಕ್ಕದ ಗೆರೆಯ ಸಪ್ಲೈ ಕಾಯಿಲಿನ ಗೆರೆಗೆ ತಾಗುತ್ತದೆ. ಕನ್ಸೋಲ್ ಆನ್ ಇರುವಾಗಲೇ ಕೇಬಲ್ ಎಳೆದು ಹಾಕುವವರೂ ಇದ್ದಾರೆ, ಅದಂತೂ ಜೂಜು. ಅಡಾಪ್ಟರ್ ಪ್ಲಗ್ ಕಿತ್ತು, ಪವರ್ ಬಟನ್ ಒಂದೆರಡು ಸಲ ಒತ್ತಿ, ಒಂದು ನಿಮಿಷ ಬಿಟ್ಟೇ ಕೇಬಲ್ ಮುಟ್ಟಿ. ಕೂರಿಸಿದ ಮೇಲೆ ಕನೆಕ್ಟರಿನ ಅಂಚಿಗೂ ಕೇಬಲಿನ ಬಣ್ಣದ ಪಟ್ಟಿಗೂ ನಡುವಿನ ಅಂತರ ಎಡಕ್ಕೂ ಬಲಕ್ಕೂ ಒಂದೇ ಇದೆಯೇ ಎಂದು ಭೂತಗನ್ನಡಿಯಲ್ಲಿ ನೋಡಿ. ಮಡಚುವ ಜಾಗದಲ್ಲಿ ಬಿಳಿ ಗೆರೆ ಬಿದ್ದಿದ್ದರೆ ಕೇಬಲನ್ನೂ ಬದಲಿಸಿ. ಯಂತ್ರದಲ್ಲಿ ಮಾಡ್‌ಚಿಪ್ (ನಕಲು ಅಥವಾ ಬೇರೆ ದೇಶದ ಡಿಸ್ಕ್ ಓಡಿಸಲು ಬೆಸೆಯುವ ಹೆಚ್ಚುವರಿ ಚಿಪ್) ಇದ್ದರೆ ಅದರ ತಂತಿಗಳನ್ನೂ ಪರಿಶೀಲಿಸಿ. ಬೆಸುಗೆ ಸಡಿಲವಾದ ಒಂದು ಎಳೆ ಸಾಕು, ಡ್ರೈವ್ ನಿಯಂತ್ರಣ ಹಾದಿ ತಪ್ಪಲು.

ಕಾಯಿಲಿನ ದಾರಿಗೆ ಫ್ಯೂಸ್ ಹಾಕಬಹುದೇ ಎಂದು ನೀವು ಕೇಳಿಲ್ಲ, ಆದರೆ ಬಹಳ ಜನ ಕೇಳುತ್ತಾರೆ. ಹಾಕಬಹುದು. ಬೇಗ ಹಾರುವ, ಬೋರ್ಡಿನ ಮೇಲ್ಮೈಗೇ ಬೆಸೆಯುವ ಪುಟ್ಟ ಎಸ್‌ಎಂಡಿ ಫ್ಯೂಸೇ ಆಗಬೇಕು. ತಾನಾಗಿ ಮತ್ತೆ ಸರಿಹೋಗುವ ಪಾಲಿಫ್ಯೂಸ್ ಬಿಸಿಯಾಗಿ ಕಡಿಯಲು ಸೆಕೆಂಡುಗಟ್ಟಲೆ ಬೇಕು, ಅಷ್ಟರಲ್ಲಿ ಕಾಯಿಲ್ ಮುಗಿದಿರುತ್ತದೆ. ಕಡಿಮೆ ಆಂಪಿಯರಿನ ಫ್ಯೂಸಿಗೆ ತನ್ನದೇ ರೋಧವೂ ಇರುತ್ತದೆ. ಅದು ಒಂದು ಓಮ್ ಇದ್ದರೂ 6 ಓಮ್ ಕಾಯಿಲಿನ ಮುಂದೆ ಚಿಕ್ಕದಲ್ಲ, ಗೀರು ಬಿದ್ದ ಡಿಸ್ಕುಗಳಲ್ಲಿ ಓದು ತಡವರಿಸುತ್ತದೆ. ತಪ್ಪು ಕರೆಂಟು ಕಂಡ ತಕ್ಷಣ ಡ್ರೈವರ್ ಐಸಿಯ ಮ್ಯೂಟ್ ಕಾಲನ್ನು ಎಳೆದು ಹೊರದಾರಿಯನ್ನೇ ನಿಲ್ಲಿಸುವ ‘ಲೇಸರ್ ಫಿಕ್ಸ್’ ಮಂಡಲ (ಸರ್ಕ್ಯೂಟ್) ಇದಕ್ಕಿಂತ ಉತ್ತಮ. ಆದರೆ ಅದನ್ನು ನಿಮ್ಮ ಬೋರ್ಡ್ ಆವೃತ್ತಿಯ ನಕ್ಷೆ ನೋಡಿಯೇ ಹಾಕಬೇಕು, ಅಂದಾಜಿನಲ್ಲಿ ಅಲ್ಲ. ಯಾವುದನ್ನು ಹಾಕಿದರೂ ಈಗಾಗಲೇ ಕೆಟ್ಟ ಐಸಿ ಸರಿಹೋಗುವುದಿಲ್ಲ.

ಪ್ರಶ್ನೆ: ಹಳೆಯ ದಪ್ಪ ಮಾದರಿಗೆ ಕೆಎಚ್‌ಎಸ್-400ಸಿ ಲೇಸರ್ ತರಿಸಿದೆ. ಹಾಕಿದರೆ ಯಾವ ಡಿಸ್ಕೂ ಓದುವುದಿಲ್ಲ, ಕೆಂಪು ಬೆಳಕೂ ಕಾಣುವುದಿಲ್ಲ. ಅದರ ಬೋರ್ಡಿನ ಮೇಲೆ ಎರಡು ಚುಕ್ಕೆಗಳನ್ನು ಸೇರಿಸಿ ಒಂದು ಹನಿ ಸೋಲ್ಡರ್ ಇದೆ. ತಯಾರಿಕೆಯ ದೋಷವೇ? (ಶಿವಮೊಗ್ಗದಿಂದ)

ಉತ್ತರ: ದೋಷವಲ್ಲ, ಅದು ಡಯೋಡಿನ ಕಾವಲು. ಲೇಸರ್ ಡಯೋಡಿನ ಎರಡು ಕಾಲನ್ನು ಸೋಲ್ಡರಿನಿಂದ ಸೇರಿಸಿಬಿಟ್ಟರೆ ಎರಡರ ನಡುವೆ ವೋಲ್ಟೇಜ್ ವ್ಯತ್ಯಾಸ ಹುಟ್ಟಲು ದಾರಿಯಿಲ್ಲ, ಸಾಗಿಸುವಾಗ ಸ್ಥಾಯೀ ವಿದ್ಯುತ್ತು ತಾಗಿದರೂ ಡಯೋಡ್ ಉಳಿಯುತ್ತದೆ. ಮೊದಲ ಪ್ಲೇಸ್ಟೇಷನ್ನಿನ ಕೆಎಸ್‌ಎಂ-440 ಸರಣಿಯ ಬದಲಿ ಲೇಸರ್‌ಗಳಲ್ಲೂ ಇದೇ ಹನಿ ಇರುತ್ತದೆ. ತೆಗೆಯದಿದ್ದರೆ ಡಯೋಡಿಗೆ ಕರೆಂಟೇ ಹೋಗದು, ನಿಮಗೆ ಆಗಿರುವುದು ಅದೇ.

ಇಲ್ಲಿ ಮುಖ್ಯವಾದದ್ದು ಅನುಕ್ರಮ. ಲೇಸರನ್ನು ಅದು ಜಾರುವ ಹಳಿಗೆ ಕೂರಿಸಿ, ರಿಬ್ಬನ್ ಕೇಬಲ್ ಎರಡೂ ತುದಿಗೆ ಸಿಕ್ಕಿಸಿದ ಮೇಲೆ, ಕೊನೆಯಲ್ಲಿ ಹನಿ ತೆಗೆಯಬೇಕು. ಕೇಬಲ್ ಕೂತ ಮೇಲೆ ಡಯೋಡಿಗೆ ಬೋರ್ಡಿನ ಕೆಪಾಸಿಟರುಗಳ, ಗ್ರೌಂಡಿನ ಆಸರೆ ಸಿಕ್ಕಿರುತ್ತದೆ. ಮೇಜಿನ ಮೇಲೆಯೇ ಹನಿ ತೆಗೆದು ಆಮೇಲೆ ಜೋಡಿಸುವುದು ಕೊಡೆ ಮಡಚಿ ಮಳೆಗೆ ಇಳಿದಂತೆ. ಹಳೆಯ ಒಳ್ಳೆಯ ಲೇಸರ್ ಕಳಚಿ ಇಡುವುದಿದ್ದರೆ ಇದರ ತಿರುವು: ಮೊದಲು ಹನಿ ಹಾಕಿ, ಆಮೇಲೆ ಕೇಬಲ್ ತೆಗೆಯಿರಿ.

ಪ್ಲಗ್ ಕಿತ್ತಿರಲಿ. ಮೂರು ಪಿನ್ನಿನ, ಅರ್ಥ್ ಇರುವ ಸೋಲ್ಡರಿಂಗ್ ಐರನ್ನಿನ ಸಣ್ಣ ಮೊನೆಯನ್ನು 320 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಟ್ಟು, ತಾಮ್ರದ ಡಿಸೋಲ್ಡರಿಂಗ್ ಹೆಣಿಗೆಗೆ ಫ್ಲಕ್ಸ್ ಹಚ್ಚಿ ಹನಿಯ ಮೇಲಿಟ್ಟು, ಎರಡು ಸೆಕೆಂಡು ಒತ್ತಿ ಎತ್ತಿ. ಬಿಡದಿದ್ದರೆ ಅರ್ಧ ನಿಮಿಷ ಆರಲು ಬಿಟ್ಟು ಮತ್ತೆ ಪ್ರಯತ್ನಿಸಿ. ಒಂದೇ ಸಮನೆ ಕಾಯಿಸಿದರೆ ಪದರದ ತಾಮ್ರ ಎದ್ದು ಬರುತ್ತದೆ. ಬ್ಲೇಡಿನಿಂದ ಕೆರೆಯುವುದು ಬೇಡ. ಎರಡು ಪಿನ್ನಿನ ಅಗ್ಗದ ಐರನ್ ಇದ್ದರೆ ಕಾದ ಮೇಲೆ ಅದರ ಪ್ಲಗ್ಗನ್ನೂ ಕಿತ್ತು ಆ ಬಿಸಿಯಲ್ಲೇ ಕೆಲಸ ಮುಗಿಸಿ. ಅಂಥವುಗಳ ಮೊನೆಯಲ್ಲಿ ಸೋರಿಕೆ ವೋಲ್ಟೇಜ್ ಇರುತ್ತದೆ, ಡಯೋಡ್ ಸಾಯಲು ಅಷ್ಟೇ ಬೇಕು.

ಪ್ರಶ್ನೆ: ಇಲ್ಲಿ ಬೇಸಿಗೆಯಲ್ಲಿ ಸ್ವೆಟರು, ಪಾಲಿಯೆಸ್ಟರ್ ಬಟ್ಟೆ ಯಾರೂ ಹಾಕುವುದಿಲ್ಲ, ನೆಲ ಶಹಾಬಾದ್ ಕಲ್ಲು. ಲೇಸರ್ ಬದಲಿಸಲು, ಮೈಯ ಸ್ಥಾಯೀ ವಿದ್ಯುತ್ತು ಹರಿದುಹೋಗಲೆಂದು ಕಟ್ಟುವ ಮಣಿಕಟ್ಟಿನ ಪಟ್ಟಿ ನಿಜಕ್ಕೂ ಬೇಕೆ? (ಕಲಬುರಗಿಯಿಂದ)

ಉತ್ತರ: ನೆಲದ ಮಟ್ಟಿಗೆ ನೀವು ಅದೃಷ್ಟವಂತರು. ಕಲ್ಲಿನ ನೆಲದ ಮೇಲೆ ಬರಿಗಾಲಲ್ಲಿ ಕೂತವರ ಮೈಯಲ್ಲಿ ಹೆಚ್ಚು ಚಾರ್ಜ್ ನಿಲ್ಲುವುದಿಲ್ಲ. ಆದರೆ ನಿಮ್ಮ ಕಡೆಯ ಒಣಹವೆ ಅದಕ್ಕೆ ಎದುರು ನಿಲ್ಲುತ್ತದೆ, ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದರೆ ಸಾಕು. ಬೆರಳಿಗೆ ‘ಚಟ್’ ಎಂದು ಅನ್ನಿಸಬೇಕಾದರೆ ಎರಡು ಮೂರು ಸಾವಿರ ವೋಲ್ಟ್ ಬೇಕು. ಡಯೋಡ್ ಗಾಯಗೊಳ್ಳಲು ಅದಕ್ಕಿಂತ ಬಹಳ ಕಡಿಮೆ ಸಾಕು. ಅಂದರೆ ಏನೂ ಅನ್ನಿಸಲಿಲ್ಲ ಎಂಬುದು ಲೆಕ್ಕಕ್ಕೆ ಬರುವುದಿಲ್ಲ.

ಇನ್ನೊಂದು ಕಿರಿಕಿರಿ ಎಂದರೆ ಗಾಯಗೊಂಡ ಡಯೋಡ್ ಕೂಡಲೇ ಸಾಯುವುದೂ ಇಲ್ಲ. ಅದರೊಳಗೆ ಕನ್ನಡಿಯಂತೆ ಕೆಲಸ ಮಾಡುವ ಎರಡು ಸೂಕ್ಷ್ಮ ಮುಖಗಳಿವೆ, ಬೆಳಕು ಅವುಗಳ ನಡುವೆ ಓಡಾಡಿಯೇ ಲೇಸರ್ ಆಗುವುದು. ಆ ಮುಖ ಚಿಟಿಕೆಯಷ್ಟು ಕರಗಿದರೂ ಡಯೋಡ್ ಮಾಮೂಲಿ ಎಲ್‌ಇಡಿಯಂತೆ ಮಂಕಾಗಿ ಬೆಳಗುತ್ತದೆ, ಡಿಸ್ಕ್ ಓದಲು ಮಾತ್ರ ಆಗದು. ಹಾಗಾಗಿ ‘ಲೈಟ್ ಬರ್ತಿದೆ, ಲೇಸರ್ ಚೆನ್ನಾಗಿದೆ’ ಎಂಬ ರಿಪೇರಿಯವರ ಮಾತನ್ನು ಪೂರ್ತಿ ನಂಬಬೇಡಿ. ನೀಲಿ-ನೇರಳೆಯ 405 ನ್ಯಾನೋಮೀಟರ್ ಡಯೋಡ್ ಇರುವ ಪ್ಲೇಸ್ಟೇಷನ್ 3 ಮತ್ತು 4ರ ಬ್ಲೂ-ರೇ ಪಿಕಪ್‌ಗಳಿಗೂ ಇದೇ ಜಾಗ್ರತೆ ಬೇಕು.

ಪಟ್ಟಿ ದುಬಾರಿಯೇನಲ್ಲ, ಕೊಳ್ಳಿ. ಒಳಗೆ 1 ಮೆಗಾಓಮ್ ರೆಸಿಸ್ಟರ್ ಇದೆಯೇ ಎಂದು ಮೀಟರಿನಲ್ಲಿ ನೋಡಿ. ಅಕಸ್ಮಾತ್ 230 ವೋಲ್ಟ್ ತಾಗಿದರೂ ಮೈಯೊಳಗೆ 0.23 ಮಿಲಿಆಂಪಿಯರಿಗಿಂತ ಹೆಚ್ಚು ಹರಿಯದಂತೆ ಕಾಯುವುದು ಅದೇ. ಬರೀ ತಂತಿ ಸುತ್ತಿಕೊಂಡು ಮಾಡಿದ ಪಟ್ಟಿ ಪ್ರಾಣಕ್ಕೆ ಅಪಾಯ. ಕ್ಲಿಪ್ಪನ್ನು, ಪ್ಲಗ್ ಕಿತ್ತ ಕನ್ಸೋಲಿನ ಒಳಗಿನ ತಗಡಿಗೆ ಸಿಕ್ಕಿಸಿ. ನೀವೂ ಯಂತ್ರವೂ ಒಂದೇ ಮಟ್ಟದಲ್ಲಿರುವುದು ಮುಖ್ಯ, ಭೂಮಿಯ ಸಂಪರ್ಕ ಆಮೇಲಿನ ಮಾತು. ಹೊಸ ಲೇಸರನ್ನು ಅದರ ಚೀಲದ ಸಮೇತ ಮೊದಲು ಆ ತಗಡಿಗೆ ತಾಗಿಸಿ, ನಂತರ ಹೊರತೆಗೆದು, ಲೋಹದ ಅಂಚಿನಲ್ಲಿ ಮಾತ್ರ ಹಿಡಿಯಿರಿ. ನೈಲಾನ್ ಬ್ರಷ್, ಬ್ಲೋವರ್ ಎರಡೂ ಚಾರ್ಜ್ ಹುಟ್ಟಿಸುತ್ತವೆ. ಲೆನ್ಸಿನ ದೂಳಿಗೆ 99 ಪ್ರತಿಶತ ಐಸೊಪ್ರೊಪೈಲ್ ಆಲ್ಕೋಹಾಲ್ ಒಂದು ಹನಿ ತಾಗಿಸಿದ ಹತ್ತಿಕಡ್ಡಿ ಸಾಕು.

ಪ್ರಶ್ನೆ: ಡಿಸ್ಕ್ ಓದದಿದ್ದಾಗ ರಿಪೇರಿಯವರು ಲೇಸರಿನ ಬದಿಯ ಸಣ್ಣ ಸ್ಕ್ರೂ ತಿರುಗಿಸಿ ‘ಪವರ್ ಜಾಸ್ತಿ’ ಮಾಡಿಕೊಟ್ಟರು. ಕೆಲವು ತಿಂಗಳು ಸೊಗಸಾಗಿ ನಡೆಯಿತು. ಈಗ ಏನೂ ಇಲ್ಲ. ಮತ್ತೆ ತಿರುಗಿಸಬಹುದೇ? (ಮೈಸೂರಿನಿಂದ)

ಉತ್ತರ: ತಿರುಗಿಸಿ ಪ್ರಯೋಜನವಿಲ್ಲ, ಆ ಡಯೋಡ್ ಮುಗಿದಿದೆ. ಅದು ಸ್ಕ್ರೂ ಅಲ್ಲ, ಪ್ರೀಸೆಟ್ ಪಾಟ್, ಅಂದರೆ ತಿರುಗಿಸಿ ರೋಧ ಬದಲಿಸುವ ಪುಟ್ಟ ಬಿಡಿಭಾಗ. ಡಯೋಡಿನ ಪಕ್ಕದಲ್ಲೇ ಅದರ ಬೆಳಕನ್ನು ಅಳೆಯುವ ಸಂವೇದಕವಿದೆ. ಬೆಳಕು ಕಡಿಮೆಯಾದರೆ ಮಂಡಲ ತಾನಾಗಿಯೇ ಕರೆಂಟು ಏರಿಸುತ್ತದೆ. ಎಷ್ಟು ಬೆಳಕು ಬೇಕೆಂಬ ಗುರಿಯನ್ನು ಕಾರ್ಖಾನೆಯಲ್ಲಿ ಆ ಪಾಟಿನಿಂದ ನಿಗದಿಪಡಿಸಿರುತ್ತಾರೆ. ದಣಿದ ಡಯೋಡಿಗೆ ಗುರಿಯನ್ನೇ ಎತ್ತರಿಸಿದರೆ ಹೆಚ್ಚು ಕರೆಂಟು, ಹೆಚ್ಚು ಶಾಖ, ಇನ್ನಷ್ಟು ದಣಿವು, ಅದಕ್ಕೆ ಮತ್ತಷ್ಟು ಕರೆಂಟು. ಎಣ್ಣೆಯಿಲ್ಲದ ಬತ್ತಿಯನ್ನೇ ಉರಿಸುವ ಈ ರಿಪೇರಿಗೆ ದುಡ್ಡು ತೆಗೆದುಕೊಳ್ಳುವುದು ನಮ್ಮ ದೃಷ್ಟಿಯಲ್ಲಿ ಸರಿಯಲ್ಲ.

ಹೊಸ ಲೇಸರ್ ಹಾಕಿದಾಗ ಪಾಟ್ ಮುಟ್ಟಲೇಬೇಡಿ. ಪ್ಲೇಸ್ಟೇಷನ್ 2ರಲ್ಲಿ ಸಿಡಿಗೊಂದು, ಡಿವಿಡಿಗೊಂದು ಪಾಟ್ ಇದೆ. ಸಿಡಿಗೆ 780, ಡಿವಿಡಿಗೆ 650 ನ್ಯಾನೋಮೀಟರಿನ ಬೆಳಕು ಬೇರೆಬೇರೆ. ಆದ್ದರಿಂದ ಒಂದು ಬಗೆಯ ಡಿಸ್ಕ್ ಮಾತ್ರ ಓದದಿದ್ದರೆ ಕಾಯಿಲಿಗಿಂತ ಆ ಬದಿಯ ಡಯೋಡಿನ ಮೇಲೆ ಅನುಮಾನ ಹೆಚ್ಚು. ಎರಡೂ ಓದದಿದ್ದರೆ ಮೊದಲು ಲೆನ್ಸ್ ಒರೆಸಿ, ಹಳಿಯ ಗಟ್ಟಿಯಾದ ಗ್ರೀಸ್ ತೆಗೆದು ಹೊಸದನ್ನು ತೆಳುವಾಗಿ ಹಚ್ಚಿ, ಕೇಬಲ್ ನೋಡಿ. ಮುಚ್ಚಳ ತೆಗೆದು ಓಡಿಸುವಾಗ ಲೆನ್ಸಿನೊಳಗೆ ಇಣುಕಬೇಡಿ. 780 ನ್ಯಾನೋಮೀಟರ್ ಕಣ್ಣಿಗೆ ಮಸುಕು ಕೆಂಪಾಗಿ ಮಾತ್ರ ಕಾಣುತ್ತದೆ, ಶಕ್ತಿ ಕಡಿಮೆ ಎಂದಲ್ಲ.

ಪ್ರಶ್ನೆ: ಏಪ್ರಿಲ್-ಮೇ ತಿಂಗಳ ಗುಡುಗು ಮಳೆಗೆ ಇಲ್ಲಿ ಕರೆಂಟು ಹೋಗಿ ಬರುವುದಕ್ಕೆ ಲೆಕ್ಕವಿಲ್ಲ. ಲೇಸರ್ ಉಳಿಯಲು ಸ್ಟೆಬಿಲೈಸರ್ ಬೇಕೋ, ಸ್ಪೈಕ್ ಗಾರ್ಡ್ ಸಾಕೋ? (ಮಡಿಕೇರಿಯಿಂದ)

ಉತ್ತರ: ಲೇಸರ್ ಒಂದಕ್ಕೇ ಆದರೆ ಎರಡೂ ಅಷ್ಟು ಮುಖ್ಯವಲ್ಲ. ಗೋಡೆಯ 230 ವೋಲ್ಟಿಗೂ ಲೇಸರಿಗೂ ನಡುವೆ ಪವರ್ ಸಪ್ಲೈ, ರೆಗ್ಯುಲೇಟರುಗಳು ಕೂತಿವೆ. ಹೊಡೆತ ಮೊದಲು ತಿನ್ನುವುದು ಅವೇ. ವೋಲ್ಟೇಜ್ ಏರಿಳಿತವನ್ನು ಈ ಬಗೆಯ ಸಪ್ಲೈ ತಾನೇ ಸಂಭಾಳಿಸುತ್ತದೆ, ಸ್ಟೆಬಿಲೈಸರಿನ ರಿಲೇ ಟಕಟಕ ಎನ್ನುವುದರಿಂದ ಲಾಭ ಕಡಿಮೆ.

ಡಿಸ್ಕ್ ತಿರುಗುತ್ತಿರುವಾಗ ಅರೆಗಳಿಗೆ ಕರೆಂಟು ಹೋಗಿ ಮತ್ತೆ ಬರುವುದು ಮಾತ್ರ ಕೆಟ್ಟದ್ದು. ಅದಕ್ಕೆ ಮದ್ದು ಸಣ್ಣ ಯುಪಿಎಸ್. ಇಲ್ಲವಾದರೆ ಕರೆಂಟು ಹೋದ ಕೂಡಲೇ ಸ್ವಿಚ್ ಆಫ್ ಮಾಡಿ, ಬಂದು ಐದು ನಿಮಿಷ ನಿಂತ ಮೇಲೆ ಹಾಕಿ. ಸ್ಪೈಕ್ ಗಾರ್ಡಿನೊಳಗಿನ ವೇರಿಸ್ಟರ್ ಸಾಮಾನ್ಯವಾಗಿ 14ಡಿ431 ಬಗೆಯದು. 275 ವೋಲ್ಟ್ ಎಸಿವರೆಗೆ ಸುಮ್ಮನಿದ್ದು, ಹೊಡೆತ ಬಂದಾಗ ಅದನ್ನು ಸುಮಾರು 700 ವೋಲ್ಟಿಗೆ ಹಿಡಿಯುತ್ತದೆ, ಪ್ರತಿ ಹೊಡೆತಕ್ಕೂ ಒಂದಿಷ್ಟು ಸವೆಯುತ್ತದೆ. ಅರ್ಥಿಂಗ್ ಇಲ್ಲದ ಸಾಕೆಟ್ಟಿನಲ್ಲಿ ಅದರ ಅರ್ಧ ಕೆಲಸ ನಡೆಯುವುದೇ ಇಲ್ಲ. ಸಿಡಿಲಿಗಂತೂ ಯಾವ ಗಾರ್ಡೂ ಅಡ್ಡ ನಿಲ್ಲದು. ಪ್ಲಗ್ಗಿನ ಜೊತೆಗೆ ಟಿವಿಯ ಡಿಶ್ ಕೇಬಲ್, ನೆಟ್ ಕೇಬಲ್ ಕೂಡ ಕೀಳಿ. ಬರೀ ಪ್ಲಗ್ ಕಿತ್ತು ಕೇಬಲ್ ಬಿಟ್ಟರೂ ಯಂತ್ರ ಹೋಗಬಹುದು.

ಇಪ್ಪತ್ತು ವರ್ಷ ದಾಟಿದ ಯಂತ್ರದಲ್ಲಿ ಹೊರಗಿನ ಹೊಡೆತಕ್ಕಿಂತ ಒಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಒಣಗಿದ್ದು ಹೆಚ್ಚು ಕಾಡುತ್ತದೆ. ತಲೆ ಉಬ್ಬಿದ್ದರೆ ಬದಲಿಸಿ.

ಪ್ರಶ್ನೆ: ಅಮೆರಿಕದಲ್ಲಿ ಕೊಂಡ ದಪ್ಪ ಪ್ಲೇಸ್ಟೇಷನ್ 2 ಮತ್ತು ಒಂದು ಸ್ಲಿಮ್ ಅನ್ನು ದಾವಣಗೆರೆಗೆ ತರುತ್ತಿದ್ದೇನೆ. ಇಲ್ಲಿನ ಕರೆಂಟಿಗೆ ಲೇಸರ್ ಸುಡುತ್ತದೆಯೇ? (ನ್ಯೂಜೆರ್ಸಿಯಿಂದ)

ಉತ್ತರ: ನೇರ ಹಾಕಿದರೆ ಲೇಸರಿಗಿಂತ ಮೊದಲು ಪವರ್ ಸಪ್ಲೈ ‘ಢಂ’ ಎನ್ನುತ್ತದೆ. ದಪ್ಪ ಮಾದರಿಯ ಹಿಂಬದಿಯಲ್ಲಿ 120 ವೋಲ್ಟ್ ಎಂದಷ್ಟೇ ಬರೆದಿದ್ದರೆ 150 ವಿಎ ಆಸುಪಾಸಿನ, ತಾಮ್ರದ ಸುತ್ತಿನ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಕೂದಲು ಒಣಗಿಸುವ ಯಂತ್ರಕ್ಕೆಂದು ಮಾರುವ ಹಗುರ ‘ಕನ್ವರ್ಟರ್’ ಬೇಡ, ಅದು ಅಲೆಯನ್ನು ಕತ್ತರಿಸಿ ಕೊಡುತ್ತದೆ. ಹೊರಗಿನ ಅಡಾಪ್ಟರ್ ಇರುವ ಸ್ಲಿಮ್‌ಗೆ 100-240 ವೋಲ್ಟ್ ಎಂದು ಬರೆದ, 8.5 ವೋಲ್ಟ್ ಡಿಸಿ ಹೊರಗೆ ಕೊಡುವ ಅಡಾಪ್ಟರ್ ಸಾಕು. 9 ಅಥವಾ 12 ವೋಲ್ಟಿನದ್ದು ಪಿನ್ನಿಗೆ ಹೊಂದುತ್ತದೆ ಎಂದು ಸಿಕ್ಕಿಸಬೇಡಿ. ಹೆಚ್ಚಿನ ವೋಲ್ಟೇಜ್ ಬೋರ್ಡಿಗೆ ನೇರ ನುಗ್ಗಲು ಇರುವ ಸುಲಭದ ದಾರಿ ಅದು. ಅಡಾಪ್ಟರ್ ಒಳಗೇ ಇರುವ 90000 ಸರಣಿಯಾದರೆ ದಪ್ಪ ಮಾದರಿಗೆ ಹೇಳಿದ್ದೇ ಅನ್ವಯ.

ಪ್ರಶ್ನೆ: ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಲೇಸರ್ ಕೊಳ್ಳುವಾಗ ಅಂಗಡಿಯಲ್ಲೇ ಪರೀಕ್ಷಿಸಲು ಸಾಧ್ಯವೇ? (ತುಮಕೂರಿನಿಂದ)

ಉತ್ತರ: ಡಯೋಡನ್ನು ಅಲ್ಲಿ ಪರೀಕ್ಷಿಸಲಾಗದು, ಕಾಯಿಲನ್ನು ಆಗುತ್ತದೆ. ಮೊದಲು ನಂಬರ್ ನೋಡಿ: 70000 ಸರಣಿಗೆ ಪಿವಿಆರ್-802ಡಬ್ಲ್ಯೂ, 90000 ಸರಣಿಗೆ ಟಿಡಿಪಿ-082ಡಬ್ಲ್ಯೂ. ಡಿಜಿಟಲ್ ಮೀಟರನ್ನು 200 ಓಮ್ ರೇಂಜಿಗಿಟ್ಟು, ಲೆನ್ಸ್ ತಂತಿಗಳ ಬೆಸುಗೆ ಚುಕ್ಕೆಗಳಲ್ಲಿ ಎರಡೂ ಕಾಯಿಲ್ ಅಳೆಯಿರಿ. ಮೊದಲು ಮೀಟರಿನ ಎರಡು ಕಡ್ಡಿ ತಾಗಿಸಿ ಬಂದ ಸಂಖ್ಯೆಯನ್ನು ಕಳೆಯಿರಿ, ಅಗ್ಗದ ಮೀಟರಿನಲ್ಲಿ ಅದೇ ಒಂದು ಓಮ್ ಇರುತ್ತದೆ. ಒಂದು ಓಮಿನ ಆಸುಪಾಸು ಬಂದರೆ ಕಾಯಿಲ್ ಒಳಗೇ ಬೆಸೆದುಕೊಂಡಿದೆ, ಏನೂ ಬರದಿದ್ದರೆ ಹರಿದಿದೆ.

ಮುಳ್ಳಿನ ಹಳೆಯ ಮೀಟರ್ ಬೇಡ. ಅದರ 1 ಓಮ್ ರೇಂಜಿನಲ್ಲಿ ಹರಿಯುವ ಕರೆಂಟಿಗೆ ಕಾಯಿಲ್ ಉಳಿದರೂ, ಕಡ್ಡಿ ಜಾರಿ ಡಯೋಡಿನ ಕಾಲಿಗೆ ತಾಗಿದರೆ ಉಳಿಗಾಲವಿಲ್ಲ. ಅಂಗಡಿಯವರು ಒಪ್ಪಿದರೆ 1.5 ವೋಲ್ಟಿನ ಒಂದು ಪೆನ್ಸಿಲ್ ಸೆಲ್ಲಿಗೆ 47 ಓಮ್ ರೆಸಿಸ್ಟರ್ ಸರಣಿಯಲ್ಲಿ ಸೇರಿಸಿ ಕಾಯಿಲಿಗೆ ತಾಗಿಸಿ, ಹರಿಯುವುದು 30 ಮಿಲಿಆಂಪಿಯರಿನೊಳಗೆ. ಲೆನ್ಸ್ ತುಸು ಏಳಬೇಕು, ಸೆಲ್ ತಿರುಗಿಸಿದರೆ ಇಳಿಯಬೇಕು, ಬಿಟ್ಟರೆ ನಡುವಿಗೆ ಮರಳಬೇಕು. ಒಂದು ಕಡೆ ತಡೆದರೆ ಅಥವಾ ಬದಿಗೆ ಉಜ್ಜಿದರೆ ಅದು ಒಮ್ಮೆ ಬಿಸಿಯುಂಡ ಮಾಲು. ಪ್ಲೇಸ್ಟೇಷನ್ 4ಕ್ಕೆ ಕೊಳ್ಳುವವರು ಲೇಸರ್ ಮಾತ್ರ ಬದಲಿಸಿ ಡ್ರೈವಿನ ಹಳೆಯ ಬೋರ್ಡ್ ಉಳಿಸಿಕೊಳ್ಳಿ. ಆ ಬೋರ್ಡ್ ಮುಖ್ಯ ಬೋರ್ಡಿಗೆ ಗುರುತಿನಿಂದ ಜೋಡಿಯಾಗಿರುವುದರಿಂದ ಬೇರೆ ಯಂತ್ರದ ಡ್ರೈವನ್ನು ಪೂರ್ತಿಯಾಗಿ ತಂದು ಹಾಕಿದರೆ ಡಿಸ್ಕ್ ನಡೆಯದು.